ಯಂತ್ರದ ದುಬಾಷಿ

ಮಾಗಡಿ ತಾಲ್ಲೂಕಿನ ಸಾವನದುರ್ಗವು ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳುಳ್ಳ ಬೃಹತ್ತಾದ ಏಕಶಿಲಾ ಬೆಟ್ಟ. ಹೊಸಬನ ಕಣ್ಣಿಗೆ ಅದು ಬರಿಯ ಬಂಡೆ. ದಾರಿ ಬಲ್ಲವನಿಗೆ ಅದೇ ಬಂಡೆಯ ಮೇಲೆ ಹಾದಿ ಕಾಣುತ್ತದೆ. ಗಣಕಯಂತ್ರದ ಬಿಡಿಭಾಗಗಳ ಸಂಗತಿಯೂ ಹೀಗೆಯೇ. ಮರ್ಮವನ್ನು ಬಲ್ಲವರ ನೆರವಿಲ್ಲದೆ ಅವುಗಳಿಂದ ಕೆಲಸ ಮಾಡಿಸಲಾಗದು.

ಆ ಬೆಟ್ಟದ ತಪ್ಪಲಿನ ಶಾಲೆಯೊಂದಕ್ಕೆ ಹಳೆಯ ಗಣಕಯಂತ್ರವೊಂದು ದಾನವಾಗಿ ಬಂದಿದೆಯೆಂದು ಇಟ್ಟುಕೊಳ್ಳಬಹುದು. ಅದರಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ಪರದೆ ಬೆಳಗುತ್ತದೆ, ಕೀಲಿಮಣೆ ಓಗೊಡುತ್ತದೆ. ಅಂತರಜಾಲದ ಸಂಪರ್ಕ ಮಾತ್ರ ದೊರೆಯದು. ಸಂಪರ್ಕವನ್ನು ಒದಗಿಸಬೇಕಾದ ನೆಟ್‌ವರ್ಕ್ ಕಾರ್ಡು ಕೆಟ್ಟಿಲ್ಲ. ಆದರೆ ಅದರ ಭಾಷೆ ಕಾರ್ಯಾಚರಣ ವ್ಯವಸ್ಥೆಗೆ ತಿಳಿಯದು.

ಹಿಂದೆ ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಸ್ಥಳೀಯರೊಡನೆ ವ್ಯವಹರಿಸಲು ದುಬಾಷಿಗಳನ್ನು ಇಟ್ಟುಕೊಂಡಿದ್ದರು. ಎರಡೂ ಭಾಷೆಗಳನ್ನು ಬಲ್ಲ ದುಬಾಷಿಯಿಲ್ಲದೆ ವ್ಯಾಪಾರ ನಡೆಯುತ್ತಿರಲಿಲ್ಲ. ಗಣಕದಲ್ಲಿ ಈ ದುಬಾಷಿಯ ಕೆಲಸವನ್ನು ಮಾಡುವುದು ‘ಡ್ರೈವರ್’ ಅಥವಾ ಚಾಲಕ ತಂತ್ರಾಂಶ. ‘ಈ ಮಾಹಿತಿಯನ್ನು ಕಳುಹಿಸು’ ಎಂಬ ವ್ಯವಸ್ಥೆಯ ಆಜ್ಞೆಯನ್ನು ಅದು ಕಾರ್ಡಿಗೆ ಅರ್ಥವಾಗುವ ಸಂಕೇತಗಳಾಗಿ ಮಾರ್ಪಡಿಸುತ್ತದೆ. ಕಾರ್ಡಿನ ಉತ್ತರವನ್ನು ವ್ಯವಸ್ಥೆಗೆ ತಿಳಿಸುತ್ತದೆ.

ಡ್ರೈವರನ್ನು ಅಳವಡಿಸುವ ಮೊದಲು ಕಾರ್ಡನ್ನು ಗುರುತಿಸಬೇಕು. ಪ್ರತಿಯೊಂದು ಕಾರ್ಡಿನಲ್ಲಿಯೂ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎಂಬ ಎರಡು ಗುರುತುಗಳಿರುತ್ತವೆ. ಇಂಟೆಲ್ ಕಂಪೆನಿಯ ಸಂಖ್ಯೆ ೮೦೮೬. ಅದು ೧೯೭೮ರಲ್ಲಿ ಆ ಕಂಪೆನಿ ಹೊರತಂದ ಪ್ರಸಿದ್ಧ ಸಂಸ್ಕಾರಕದ ಹೆಸರೂ ಹೌದು. ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯಿಂದ ಈ ಸಂಖ್ಯೆಗಳನ್ನು ತಿಳಿಯಬಹುದು. ಅನಂತರ ಅವಕ್ಕೆ ಹೊಂದುವ ಡ್ರೈವರನ್ನು ಹುಡುಕಬೇಕು. ಲಿನಕ್ಸಿನ ತಿರುಳಾದ ‘ಕರ್ನಲ್’ನೊಡನೆ ಬಹುಪಾಲು ಡ್ರೈವರುಗಳು ಮೊದಲೇ ಬಂದಿರುತ್ತವೆ, ‘ಮಾಡ್‌ಪ್ರೋಬ್’ ಎಂಬ ಆಜ್ಞೆಯಿಂದ ಅವನ್ನು ಎಚ್ಚರಿಸಿದರೆ ಸಾಕು. ಕೆಲವು ಕಾರ್ಡುಗಳಿಗೆ ಇದರ ಜೊತೆಗೆ ‘ಫರ್ಮ್‌ವೇರ್’ ಎಂಬ ಕಡತವೂ ಬೇಕು. ಅದು ಕಾರ್ಡಿನೊಳಗೇ ಸೇರಿ ಕೆಲಸ ಮಾಡುವ ತಂತ್ರಾಂಶ. ಕೊನೆಗೆ ‘ಡಿಮೆಸೇಜ್’ ಆಜ್ಞೆಯ ಮೂಲಕ ಕರ್ನಲ್ ಬರೆದಿಟ್ಟ ದಿನಚರಿಯನ್ನು ಓದಿದರೆ, ಕೆಲಸ ಕೈಗೂಡಿತೇ, ಎಲ್ಲಿ ತಪ್ಪಿತು ಎಂಬುದು ತಿಳಿಯುತ್ತದೆ.

ಇಲ್ಲಿ ಒಂದು ತೊಡಕುಂಟು. ಬೇಕಾದ ಕಡತ ಇರುವುದು ಅಂತರಜಾಲದಲ್ಲಿ. ಅಂತರಜಾಲವನ್ನು ತಲುಪಲು ಬೇಕಾದುದು ಅದೇ ಕಡತ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಸ್ಥಿತಿ ಇದು. ಬೇರೊಂದು ಗಣಕದಲ್ಲಿ ಕಡತವನ್ನು ಪಡೆದು ಪೆನ್‌ಡ್ರೈವಿನಲ್ಲಿ ತರುವುದೇ ಇದಕ್ಕೆ ಸುಲಭದ ಪರಿಹಾರ. ಈ ಕಷ್ಟವನ್ನು ಮನಗಂಡ ಡೆಬಿಯನ್ ಸಮುದಾಯವು ೨೦೨೨ರಲ್ಲಿ ಮತದಾನ ನಡೆಸಿ, ೨೦೨೩ರ ಆವೃತ್ತಿಯಿಂದ ಅಂಥ ಕಡತಗಳನ್ನು ಅಳವಡಿಕೆಯ ಮಾಧ್ಯಮದಲ್ಲಿಯೇ ಸೇರಿಸಿತು.

ಇಷ್ಟೊಂದು ಡ್ರೈವರುಗಳು ಹುಟ್ಟಿದ್ದು ಅನೇಕರ ಪರಿಶ್ರಮದಿಂದ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸನ್ನು ಪ್ರಕಟಿಸಿದ ಮೇಲೆ, ಅಮೆರಿಕದ ಡೊನಾಲ್ಡ್ ಬೆಕರ್ ಎಂಬುವರು ಹಲವಾರು ನೆಟ್‌ವರ್ಕ್ ಕಾರ್ಡುಗಳಿಗೆ ಡ್ರೈವರುಗಳನ್ನು ಬರೆದು ಎಲ್ಲರಿಗೂ ನೀಡಿದರು. ತಯಾರಕರು ಗುಟ್ಟು ಬಿಡದಿದ್ದಾಗ, ಕಾರ್ಡಿನ ವರ್ತನೆಯನ್ನು ಪರೀಕ್ಷಿಸಿಯೇ ಅದರ ಭಾಷೆಯನ್ನು ಕಲಿತವರಿದ್ದಾರೆ. ಬ್ರಾಡ್‌ಕಾಮ್ ಕಂಪೆನಿಯ ನಿಸ್ತಂತು ಕಾರ್ಡುಗಳಿಗೆ ಮೊದಲು ಹೀಗೆಯೇ ಡ್ರೈವರು ಸಿದ್ಧವಾಯಿತು; ೨೦೧೦ರಲ್ಲಿ ಆ ಕಂಪೆನಿಯೇ ಮುಕ್ತ ಡ್ರೈವರೊಂದನ್ನು ಹೊರತಂದಿತು.

ಈ ಶ್ರಮದ ಫಲ ಕನ್ನಡದ ಮಕ್ಕಳನ್ನೂ ಮುಟ್ಟಿದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವೇ ಬಳಕೆಯಲ್ಲಿರುವುದರಿಂದ, ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳೂ ಲಿನಕ್ಸ್ ಗಣಕಗಳಲ್ಲಿ ಪಾಠ ಕಲಿಯುತ್ತಾರೆ.

ಗುಟ್ಟಾಗಿ ಉಳಿದ ಡ್ರೈವರಿನ ಆಯುಷ್ಯ ತಯಾರಕರ ಕೈಯಲ್ಲಿದೆ. ಅವರು ಅದನ್ನು ಕೈಬಿಟ್ಟರೆ, ಚೆನ್ನಾಗಿರುವ ಯಂತ್ರವೂ ಮೂಲೆಗೆ ಸೇರಬಹುದು. ಮುಕ್ತವಾದ ಡ್ರೈವರನ್ನಾದರೋ ಬಲ್ಲವರು ಯಾರೇ ಆಗಲಿ ತಿದ್ದಿ ಮುಂದುವರಿಸಬಹುದು. ಹೊಸ ಯಂತ್ರವನ್ನು ಕೊಳ್ಳಲಾಗದ ಹಳ್ಳಿಯ ಶಾಲೆಗೆ ಇದಕ್ಕಿಂತ ದೊಡ್ಡ ಆಸರೆ ಮತ್ತೊಂದಿಲ್ಲ.