ಇಂಜಿನಿನ ಮಂದಗತಿ

ರಜೆಯ ಬೆಳಗ್ಗೆ ಸ್ವಂತ ಕೈಯಿಂದಲೇ ಕಾರಿನ ಹಳೆಯ ಏರ್ ಫಿಲ್ಟರನ್ನು ತೆಗೆದು ಹೊಸದನ್ನು ಕೂರಿಸಿ, ಥ್ರಾಟಲ್ ಬಾಡಿಯಲ್ಲಿ ವರ್ಷಗಳಿಂದ ಹತ್ತಿದ್ದ ಮಸಿಯನ್ನು ಒರೆಸಿ, ಬ್ಯಾಟರಿಯ ತಂತಿಗಳನ್ನು ಬಿಚ್ಚಿ ಉಜ್ಜಿ ಮತ್ತೆ ಬಿಗಿದು, ತೃಪ್ತಿಯಿಂದ ಕೀಲಿ ತಿರುಗಿಸಿದವನಿಗೆ, ನ್ಯೂಟ್ರಲ್ಲಿನಲ್ಲಿ ನಿಮಿಷಕ್ಕೆ 800 ಸುತ್ತುಗಳಂತೆ ಶಾಂತವಾಗಿ ತಿರುಗಬೇಕಾದ ಇಂಜಿನು 1500ಕ್ಕೆ ಏರಿ ಅಲ್ಲಿಯೇ ನಿಂತುಬಿಡುವುದು, ಇಲ್ಲವೆ ಏರುತ್ತ ಇಳಿಯುತ್ತ ತೊಳಲಾಡುವುದು ಬಹು ಸಾಮಾನ್ಯವಾದ ಅನುಭವ. ಮುಟ್ಟುವ ಮೊದಲು ಸರಿಯಾಗಿಯೇ ಇತ್ತಲ್ಲ ಎಂಬ ಖೇದದಿಂದ ಅವನು ಬೆಂಗಳೂರಿನ ಜೆ. ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಹೋಗಿ ಹೊಸ ಐಡಲ್ ವಾಲ್ವೊಂದನ್ನು ಕೊಂಡು ತಂದು ಹಾಕಿದರೂ ಅನೇಕ ವೇಳೆ ದೋಷವು ತೀರುವುದಿಲ್ಲ. ತಮ್ಮ ವಾಹನದ ಆರೈಕೆಯನ್ನು ತಾವೇ ಮಾಡಿಕೊಳ್ಳುವವರ ಬಗೆಗೆ ನನಗೆ ಬಹಳ ಗೌರವವುಂಟು; ಆದಕಾರಣವೇ, ಕೈಗೆ ಸಿಕ್ಕಿದ ಭಾಗವನ್ನು ಬದಲಾಯಿಸುವ ಮೊದಲು ಈ ಮಂದಗತಿಯ ಗುಟ್ಟನ್ನು ಅವರು ಅರಿಯಬೇಕೆಂದು ನನ್ನ ಬಯಕೆ.

ಪೆಟ್ರೋಲ್ ಇಂಜಿನಿನ ವೇಗವನ್ನು ಆಳುವುದು ಮುಖ್ಯವಾಗಿ ಗಾಳಿ. ಪೆಟ್ರೋಲು ಗಾಳಿಯನ್ನು ಹಿಂಬಾಲಿಸಿ ಬರತಕ್ಕದ್ದು. ತೂಕದಲ್ಲಿ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಎಂಬ ಪ್ರಮಾಣವನ್ನು ಕಾಯ್ದುಕೊಂಡು ಬರುವುದು, ಮೆಕ್ಯಾನಿಕ್ಕುಗಳು ಇಸಿಎಂ ಎಂದು ಕರೆಯುವ ಗಣಕದ ಕೆಲಸ. ಚಾಲಕನು ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಥ್ರಾಟಲ್ ಬಾಡಿಯೊಳಗಿನ ಲೋಹದ ಬಿಲ್ಲೆಯು ಬಹುಮಟ್ಟಿಗೆ ಮುಚ್ಚಿಕೊಳ್ಳುವುದು. ಆಗ ಗಾಳಿಗೆ ಉಳಿಯುವ ದಾರಿಗಳು ಎರಡೇ: ಬಿಲ್ಲೆಯ ಅಂಚಿನ ಸುತ್ತಲಿನ ಕೂದಲೆಳೆಯಷ್ಟು ಸಂದು, ಮತ್ತು ಬಿಲ್ಲೆಯನ್ನು ಬಳಸಿಕೊಂಡು ಹೋಗುವ ಒಂದು ಕಿರುದಾರಿ. ಆ ಕಿರುದಾರಿಯಲ್ಲಿ ಕುಳಿತು, ಗಣಕದ ಆಜ್ಞೆಯಂತೆ ಅದನ್ನು ಹಿರಿದು ಕಿರಿದು ಮಾಡುವುದೇ ಐಡಲ್ ವಾಲ್ವು. ಕೇಬಲ್ಲಿಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಉಳ್ಳ ಹೊಸ ಕಾರುಗಳಲ್ಲಿ ಈ ಕೆಲಸವನ್ನೂ ಬಿಲ್ಲೆಯನ್ನು ತಿರುಗಿಸುವ ಮೋಟಾರೇ ಮಾಡುತ್ತದೆ.

ಈ ಸ್ಥಿತಿಯಲ್ಲಿ ಇಂಜಿನಿಗೆ ಬೇಕಾಗುವ ಗಾಳಿ ಎಷ್ಟೆಂಬುದನ್ನು ಸ್ವಲ್ಪ ಲೆಕ್ಕ ಹಾಕೋಣ. ಒಂದು ಲೀಟರು ಸಾಮರ್ಥ್ಯದ ಫೋರ್ ಸ್ಟ್ರೋಕ್ ಇಂಜಿನು ಎರಡು ಸುತ್ತಿಗೊಮ್ಮೆ ತನ್ನ ಒಡಲನ್ನು ತುಂಬಿಕೊಳ್ಳುವುದರಿಂದ, 800 ಸುತ್ತುಗಳಲ್ಲಿ ಅದು ನಿಮಿಷಕ್ಕೆ 400 ಲೀಟರುಗಳನ್ನು ಸೆಳೆಯಬೇಕು. ಆದರೆ ಮುಚ್ಚಿದ ಬಿಲ್ಲೆಯ ಹಿಂದೆ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡಿನಲ್ಲಿ ಒತ್ತಡವು ಹೊರಗಿನ ವಾತಾವರಣದ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿದಿರುವ ಕಾರಣ, ಹೊರಗಿನ ಗಾಳಿಯ ಲೆಕ್ಕದಲ್ಲಿ ಅದು ಸುಮಾರು 130 ಲೀಟರು ಮಾತ್ರ. ಅದೇ ಇಂಜಿನು ಪೂರ್ಣ ವೇಗದಲ್ಲಿ ನಿಮಿಷಕ್ಕೆ 2000 ಲೀಟರುಗಳಿಗೂ ಮೀರಿ ನುಂಗಬಲ್ಲುದು. ಈಗ, ಕೆಲಸದ ಗಡಿಬಿಡಿಯಲ್ಲಿ ಮ್ಯಾನಿಫೋಲ್ಡಿನಿಂದ ಹೊರಡುವ ರಬ್ಬರ್ ಹೋಸೊಂದರ ತುದಿಯು ತುಸು ಸೀಳಿ, 2 ಮಿಲಿಮೀಟರು ಅಗಲದ ಒಂದು ತೂತಿನಷ್ಟು ಅವಕಾಶವಾಯಿತೆಂದು ಭಾವಿಸಿ. ಒಳಗಿನ ಒತ್ತಡವು ಹೊರಗಿನದರ ಅರ್ಧಕ್ಕಿಂತ ಕೆಳಗಿರುವಾಗ ಅಂಥ ತೂತಿನ ಅತ್ಯಂತ ಕಿರಿದಾದ ಎಡೆಯಲ್ಲಿ ಗಾಳಿಯು ಶಬ್ದದ ವೇಗದಲ್ಲಿಯೇ ನುಗ್ಗುವುದು. ಬಾನೆಟ್ಟಿನ ಕೆಳಗೆ ಕಿವಿಗೊಟ್ಟಾಗ ಕೇಳಿಬರುವ ಸಣ್ಣ ಶಿಳ್ಳೆಯ ಹುಟ್ಟು ಇಲ್ಲಿ. ಹೀಗೆ ನುಗ್ಗುವ ಗಾಳಿ ನಿಮಿಷಕ್ಕೆ ಸುಮಾರು 25 ಲೀಟರು. ಮಳೆಗಾಲದ ತುಂಬು ಹೊಳೆಗೆ ಒಂದು ಕಾಲುವೆಯ ನೀರು ಬಂದು ಸೇರಿದರೆ ಯಾರ ಗಮನಕ್ಕೂ ಬಾರದು, ಬೇಸಿಗೆಯ ಹರಿವಿಗೆ ಸೇರಿದರೆ ಹೊಳೆಯ ಮಟ್ಟವೇ ಏರುವುದು. ಅಂತೆಯೇ ಹೆದ್ದಾರಿಯಲ್ಲಿ ಗುರುತೇ ಹತ್ತದ ಈ ಸೋರಿಕೆಯು ಸಿಗ್ನಲ್ಲಿನಲ್ಲಿ ನಿಂತಾಗ ಇಡೀ ಇಂಜಿನನ್ನು ಅಲುಗಿಸುತ್ತದೆ. ಏರ್ ಎಳೀತಿದೆ ಎಂದು ಅನುಭವಸ್ಥ ಮೆಕ್ಯಾನಿಕ್ಕು ಒಂದೇ ಮಾತಿನಲ್ಲಿ ಹೇಳುವುದು ಇದನ್ನೇ.

ಸೋರಿಕೆಯ ಲಕ್ಷಣವು ಎಲ್ಲ ಕಾರುಗಳಲ್ಲಿಯೂ ಒಂದೇ ಬಗೆಯಾಗಿರುವುದಿಲ್ಲ. ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆದು ಗಾಳಿಯನ್ನು ಊಹಿಸುವ ಇಂಜಿನಿನಲ್ಲಿ, ಕಳ್ಳದಾರಿಯಿಂದ ಬಂದ ಗಾಳಿಯೂ ಒತ್ತಡವನ್ನು ಏರಿಸುವುದರಿಂದ, ಗಣಕವು ಅದಕ್ಕೂ ತಕ್ಕ ಪೆಟ್ರೋಲನ್ನು ಒದಗಿಸಿ ವೇಗವು ಏರುತ್ತದೆ. ಬಿಸಿತಂತಿಯ ಅಳತೆಗಾರನು ಫಿಲ್ಟರಿನ ಬಳಿಯಲ್ಲಿಯೇ ಗಾಳಿಯನ್ನು ಎಣಿಸುವ ಇಂಜಿನಿನಲ್ಲಾದರೋ ಎಣಿಕೆಗೆ ಸಿಗದ ಗಾಳಿ ಮಿಶ್ರಣವನ್ನು ತೆಳುಮಾಡಿ, ಇಂಜಿನು ತಡವರಿಸುವುದು. ಎಣ್ಣೆ ಅಳೆಯುವ ಕಡ್ಡಿಯನ್ನು ಸರಿಯಾಗಿ ಕೂರಿಸದಿದ್ದರೂ, ಎಣ್ಣೆ ತುಂಬುವ ಮುಚ್ಚಳವು ಸಡಿಲವಾಗಿದ್ದರೂ ಇಂಥ ಇಂಜಿನಿಗೆ ಅಷ್ಟೇ ಸಾಕು. ಕ್ರ್ಯಾಂಕ್‌ಕೇಸಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಕೊಳವೆಯ ಮೂಲಕ, ಆ ಸಂದುಗಳಿಂದ ನುಸುಳಿದ ಗಾಳಿಯೂ ಒಳಸೇರುವುದು.

ಏರಿಳಿತದ ತೊಳಲಾಟವು ಇದಕ್ಕಿಂತಲೂ ಸ್ವಾರಸ್ಯವಾದ ವಿಷಯ. ಬಿಲ್ಲೆ ಮುಚ್ಚಿದ್ದೂ ವೇಗವು ಒಂದು ಮಿತಿಯನ್ನು ದಾಟಿದರೆ, ಕಾರು ಇಳಿಜಾರಿನಲ್ಲಿ ಉರುಳುತ್ತಿದೆಯೆಂದು ಬಗೆದು ಗಣಕವು ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ವೇಗವು ಕುಸಿದೊಡನೆ ಮತ್ತೆ ಕೊಡುತ್ತದೆ. ಸೋರಿಕೆಯ ಬಲದಿಂದ ವೇಗವು ಮತ್ತೆ ಏರುತ್ತದೆ. ಜೇಮ್ಸ್ ವಾಟ್ 1788ರಲ್ಲಿ ತನ್ನ ಉಗಿಯಂತ್ರಕ್ಕೆ ತಿರುಗುವ ಗುಂಡುಗಳ ಗವರ್ನರನ್ನು ಅಳವಡಿಸಿದಂದಿನಿಂದಲೂ ವೇಗವನ್ನು ಕಾಯುವ ಯಂತ್ರಗಳಿಗೆ ಇಂಥ ತೊಳಲಾಟದ ಪೀಡೆಯುಂಟು. ಯಾವ ಸಂದರ್ಭದಲ್ಲಿ ಅಲುಗಾಟವು ತಾನಾಗಿ ಅಡಗುವುದು, ಯಾವ ಸಂದರ್ಭದಲ್ಲಿ ಬೆಳೆಯುತ್ತ ಹೋಗುವುದು ಎಂಬುದನ್ನು ಗಣಿತದಿಂದ ವಿಚಾರಿಸಿದವನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್, 1868ರಲ್ಲಿ. ಕಾರಿನ ಇಂಜಿನಿನಲ್ಲಿ ತೊಡಕಿನ ಮೂಲವು ವಿಳಂಬ. ವಾಲ್ವಿನಿಂದ ಬಂದ ಗಾಳಿಯು ಮ್ಯಾನಿಫೋಲ್ಡನ್ನು ತುಂಬಿ, ಸಿಲಿಂಡರನ್ನು ಹೊಕ್ಕು, ಅದುಮಿಸಿಕೊಂಡು, ಉರಿದು ಪಿಸ್ಟನ್ನನ್ನು ತಳ್ಳಬೇಕು. 800 ಸುತ್ತುಗಳಲ್ಲಿ ನಾಲ್ಕು ಹೊಡೆತಗಳ ಒಂದು ಆವರ್ತಕ್ಕೇ 150 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಗಣಕದ ಆಜ್ಞೆಯು ಹಳಸಿರುತ್ತದೆ. ಆದುದರಿಂದ ಅದರ ಕೈಯಲ್ಲಿ ಇನ್ನೊಂದು ತ್ವರಿತವಾದ ಸಾಧನವನ್ನೂ ಇತ್ತಿದ್ದಾರೆ: ಸ್ಪಾರ್ಕ್ ಪ್ಲಗ್ಗಿನ ಕಿಡಿಯನ್ನು ತುಸು ಮುಂಚೆ ಅಥವಾ ತಡವಾಗಿ ಹಾರಿಸಿದರೆ, ನಾಲ್ಕು ಸಿಲಿಂಡರುಗಳ ಇಂಜಿನಿನಲ್ಲಿ 40 ಮಿಲಿಸೆಕೆಂಡಿನೊಳಗೆ ಬರುವ ಮುಂದಿನ ಹೊಡೆತದಲ್ಲಿಯೇ ಬಲವು ಹೆಚ್ಚು ಕಡಿಮೆಯಾಗುವುದು. ನಾವು ಸ್ಥಿರವೆಂದು ಭಾವಿಸುವ ಮಂದಗತಿಯ ಹಿಂದೆ ಹೀಗೆ ಎಡೆಬಿಡದ ತಿದ್ದುಪಡಿ ನಡೆಯುತ್ತಿರುವುದು ನನಗೆ ಇಂದಿಗೂ ವಿಸ್ಮಯವನ್ನು ತರುತ್ತದೆ.

ಶುಚಿಮಾಡಿದ್ದರಿಂದಲೇ ಕೆಟ್ಟಂತೆ ತೋರುವ ಪ್ರಸಂಗವು ಬೇರೆ. ಕ್ರ್ಯಾಂಕ್‌ಕೇಸಿನ ಎಣ್ಣೆಯಾವಿಯು ಬಿಲ್ಲೆಯ ಅಂಚಿಗೆ ಮಸಿಯಾಗಿ ಹತ್ತಿ ಸಂದನ್ನು ವರ್ಷವರ್ಷವೂ ಕಿರಿದುಮಾಡುತ್ತಿರಲು, ಗಣಕವು ಆ ಕೊರತೆಯನ್ನು ತುಂಬಲೆಂದು ಕಿರುದಾರಿಯನ್ನು ಮೆಲ್ಲಮೆಲ್ಲನೆ ಅಗಲಿಸಿ, ಆ ಅಳತೆಯನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಒಂದು ಬೆಳಗ್ಗೆ ಮಸಿಯು ಮಾಯವಾದರೆ ನೆನಪಿನ ಅಳತೆಯು ಹಾಗೆಯೇ ಉಳಿದು ಗಾಳಿಯು ಅತಿಯಾಗುವುದು. ಬ್ಯಾಟರಿಯನ್ನು ಬಿಚ್ಚಿದ್ದರೆ ಅನೇಕ ಕಾರುಗಳಲ್ಲಿ ಆ ನೆನಪೂ ಅಳಿಯುವುದರಿಂದ ಗಣಕವು ಮೊದಲಿನಿಂದ ಕಲಿಯತಕ್ಕದ್ದು. ಕಲಿಸುವ ಕ್ರಮವು ಕಾರಿನಿಂದ ಕಾರಿಗೆ ಬೇರೆಯಾದುದರಿಂದ ಕಾರಿನ ಕೈಪಿಡಿಯನ್ನೇ ಅನುಸರಿಸಬೇಕು. ಸಾಮಾನ್ಯವಾಗಿ ಎಸಿ, ದೀಪಗಳನ್ನೆಲ್ಲ ಆರಿಸಿ, ರೇಡಿಯೇಟರಿನ ಫ್ಯಾನು ತಿರುಗುವವರೆಗೂ ಆಕ್ಸಿಲರೇಟರನ್ನು ಮುಟ್ಟದೆ ಇಂಜಿನನ್ನು ನಡೆಯಗೊಟ್ಟರೆ ಬಹುಪಾಲು ಕಾರುಗಳು ದಾರಿಗೆ ಬರುತ್ತವೆ.

ಇಲ್ಲಿ ಒಂದು ಹಳೆಯ ಅಭ್ಯಾಸವು ಅಪಾಯಕಾರಿ. ಅಂಬಾಸಿಡರಿನ ಕಾರ್ಬೊರೇಟರಿನಲ್ಲಿ ಸ್ಕ್ರೂಗಳನ್ನು ತಿರುಗಿಸಿ ಮಂದಗತಿಯನ್ನು ಕಿವಿಯಿಂದಲೇ ಹೊಂದಿಸುತ್ತಿದ್ದವರ ಕೌಶಲ ದೊಡ್ಡದು. ಆದರೆ ಇಂಜೆಕ್ಷನ್ ಇಂಜಿನಿನ ಬಿಲ್ಲೆಗೆ ಆಸರೆಯಾದ ಸ್ಕ್ರೂ ಕಾರ್ಖಾನೆಯಲ್ಲಿಯೇ ನಿಗದಿಯಾದದ್ದು, ಅದನ್ನು ತಿರುಗಿಸಿದರೆ ಗಣಕದ ಲೆಕ್ಕದ ಆಧಾರವೇ ತಪ್ಪುತ್ತದೆ. ಅದರ ಬದಲು, ಆಕ್ಸಿಲರೇಟರ್ ಕೇಬಲ್ಲಿನಲ್ಲಿ ತುಸು ಸಡಿಲವಿದೆಯೇ ಎಂದು ನೋಡಿ. ಹೋಸುಗಳನ್ನು ಒಂದೊಂದಾಗಿ ಹಿಸುಕಿ ವೇಗವು ಇಳಿಯುವುದೇ ಎಂದು ಗಮನಿಸಿ. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನ ಸಂದಿಗೆ ಸೋಪಿನ ನೀರನ್ನು ಚಿಮುಕಿಸಿ ಆಗ ವೇಗವು ಬದಲಾಗುವುದೇ ಎಂದೂ ನೋಡಿ. ಪೆಟ್ರೋಲನ್ನೋ ಕಾರ್ಬೊರೇಟರ್ ಕ್ಲೀನರನ್ನೋ ಬಿಸಿ ಇಂಜಿನಿನ ಮೇಲೆ ಎಂದಿಗೂ ಚಿಮುಕಿಸಬಾರದು. ಕೂಲಂಟನ್ನು ಬದಲಾಯಿಸಿದ್ದರೆ ಒಳಗೆ ಗಾಳಿಗುಳ್ಳೆ ಉಳಿದು, ಶಾಖದ ಸೆನ್ಸರು ಇಂಜಿನು ಇನ್ನೂ ತಣ್ಣಗಿದೆಯೆಂದು ತಿಳಿಸಿ, ವೇಗವು ಏರಿಯೇ ನಿಂತಿರಬಹುದು.

ಇಷ್ಟಾದ ಮೇಲೆಯೂ ಸಂಶಯವು ಉಳಿದರೆ ಮಾತ್ರ ವಾಲ್ವಿನ ಕಡೆಗೆ ತಿರುಗುವುದು ಉಚಿತ. ಸ್ಕ್ಯಾನರನ್ನು ಜೋಡಿಸಿದಾಗ, ವಾಲ್ವನ್ನು ಎಷ್ಟು ತೆರೆಯಲು ಗಣಕವು ಆಜ್ಞಾಪಿಸುತ್ತಿದೆ ಎಂಬ ಅಂಕಿಯು ತೆರೆಯ ಮೇಲೆ ಕಾಣುತ್ತದೆ. ಆ ಅಂಕಿಯು ಸೊನ್ನೆಗೆ ಇಳಿದಿದ್ದೂ ವೇಗವು ಮೇಲಿದ್ದರೆ, ಮೊದಲು ವಾಲ್ವಿಗೆ ಹೋಗುವ ದಾರಿಯನ್ನು ಅರೆಕ್ಷಣ ಬೆರಳಿನಿಂದ ಮುಚ್ಚಿ ನೋಡಬೇಕು: ವೇಗವು ಇಳಿಯದಿದ್ದರೆ ಗಾಳಿಯು ಇನ್ನೆಲ್ಲಿಂದಲೋ ಬರುತ್ತಿದೆ, ಒಡನೆಯೇ ಇಳಿದರೆ ಆಜ್ಞೆಯನ್ನು ಪಾಲಿಸದೆ ವಾಲ್ವೇ ಸಿಕ್ಕಿಕೊಂಡಿದೆ, ಆಗ ಅದನ್ನು ಬದಲಾಯಿಸಲು ಹಣ ಕೊಡಬಹುದು.