ಗದ್ದೆಯ ಮೇಲೆ ಹಾರುವ ಹೊಣೆ

ಮಲೆಬೆನ್ನೂರಿನ ಸುತ್ತ ಭದ್ರಾ ನಾಲೆಯ ನೀರು ಹರಿಯುವಷ್ಟು ದೂರವೂ ಭತ್ತ. ಆ ಭತ್ತಕ್ಕೆ ಬೆಂಕಿ ರೋಗವೋ ಕಂದು ಜಿಗಿಹುಳುವೋ ಬಿದ್ದಾಗ ಬೆನ್ನಿಗೆ ಪಂಪು ಕಟ್ಟಿಕೊಂಡು ಮೊಣಕಾಲುದ್ದ ಕೆಸರಿಗೆ ಇಳಿಯುವ ಆಳುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಭತ್ತದ ಸೀಮೆಗಳಲ್ಲಿ ಅವರ ಜಾಗಕ್ಕೆ ಬರುತ್ತಿರುವುದು ಬದುವಿನ ಮೇಲೆ ನಿಂತು ಹಾರಿಸುವ, ಹತ್ತು ಲೀಟರ್ ಟ್ಯಾಂಕಿನ ಡ್ರೋನ್. ಎಕರೆಗೆ ಹತ್ತು ನಿಮಿಷವೂ ಬೇಡ. ರೈತರ ಲೆಕ್ಕದಲ್ಲಿ ಅದು ಹಾರುವ ಪಂಪು. ಕಾನೂನಿನ ಲೆಕ್ಕದಲ್ಲಿ ಮಾತ್ರ ಅದು ವಿಮಾನ. ಎರಡು ಕೆ.ಜಿ. ಮೀರಿ 25 ಕೆ.ಜಿ.ವರೆಗೆ ತೂಗುವ 'ಸಣ್ಣ' ವರ್ಗಕ್ಕೆ ಸೇರಿದ, ನೋಂದಣಿ ಬೇಕಾದ, ತರಬೇತಿ ಪಡೆದ ಪೈಲಟ್ ಹಾರಿಸಬೇಕಾದ, ವಿಮೆ ಕಡ್ಡಾಯವಿರುವ ವಿಮಾನ. ಅಂದಮೇಲೆ ಅದನ್ನು ಹಾರಿಸುವ ಸ್ತ್ರೀಶಕ್ತಿ ಸಂಘವೋ ಬಾಡಿಗೆಗೆ ಕೊಡುವ ಯುವಕನೋ ವಿಮಾನ ನಿರ್ವಾಹಕರೇ. ಸಿಂಪಡಿಸುವಾಗ ಗಾಳಿ ತಿರುಗಿ 2,4-ಡಿ ಕಳೆನಾಶಕದ ಹನಿಗಳು ಪಕ್ಕದವನ ಟೊಮೆಟೊ ಮೇಲೆ ಬಿದ್ದು ಎಲೆ ಮುರುಟಿಕೊಂಡರೆ, ಅಥವಾ ಪೈರೆಥ್ರಾಯ್ಡ್ ಕೀಟನಾಶಕ ಮೀನಿನ ಹೊಂಡಕ್ಕೆ ಇಳಿದು ಮೀನು ಮಗುಚಿ ತೇಲಿದರೆ, ಹಣ ಕೊಡುವವರು ಯಾರು? ಈ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ಸಿಗುವುದು ಅರ್ಧ ಉತ್ತರ. ಉಳಿದರ್ಧ ಕಳೆದುಹೋಗಿ ತೊಂಬತ್ತು ವರ್ಷಗಳಾದವು.

ಆ ಕಥೆ ಶುರುವಾಗುವುದು ಲಂಡನ್ನಿನಲ್ಲಿ. ವಿಮಾನಗಳು ಹೊಸದಾಗಿದ್ದಾಗ ಜಮೀನಿನ ಒಡೆಯರು ಕೇಳಿದ ಮೊದಲ ಪ್ರಶ್ನೆ, ನನ್ನ ನೆಲದ ಮೇಲಿನ ಆಕಾಶದಲ್ಲಿ ನೀನು ಹಾರಬಹುದೇ ಎಂಬುದು. ಬ್ರಿಟನ್ 1920ರ ವಾಯುಯಾನ ಕಾಯ್ದೆಯಲ್ಲಿ ಒಂದು ಕೊಡು-ಕೊಳ್ಳುವಿಕೆ ಮಾಡಿತು. ಗಾಳಿ, ಹವೆ ನೋಡಿಕೊಂಡು ತಕ್ಕಷ್ಟು ಎತ್ತರದಲ್ಲಿ ಹಾರಿದರೆ ಅತಿಕ್ರಮಣವೆಂದು ದಾವೆ ಹೂಡುವಂತಿಲ್ಲ. ಇದು ವಿಮಾನದವನಿಗೆ ಸಿಕ್ಕ ಪಾಲು. ಅದಕ್ಕೆ ಪ್ರತಿಯಾಗಿ, ವಿಮಾನದಿಂದಲೋ ಅದರಿಂದ ಬಿದ್ದ ವಸ್ತುವಿನಿಂದಲೋ ನೆಲದ ಮೇಲಿನವನಿಗೆ ನಷ್ಟವಾದರೆ ನಿರ್ಲಕ್ಷ್ಯ ಸಾಬೀತು ಮಾಡದೆಯೇ ಪರಿಹಾರ. ಇದು ನೆಲದವನ ಪಾಲು. ಒಂದೇ ಕಲಮಿನಲ್ಲಿ ಎರಡೂ. 1982ರ ಅಲ್ಲಿನ ನಾಗರಿಕ ವಾಯುಯಾನ ಕಾಯ್ದೆಯಲ್ಲೂ ಈ ಜೋಡಿ ಹಾಗೆಯೇ ಉಳಿದಿದೆ. ನಮ್ಮ ದೇಶಕ್ಕೆ 1934ರಲ್ಲಿ ವಿಮಾನ ಕಾಯ್ದೆ ಬಂದಾಗ 17ನೇ ಕಲಮಿನಲ್ಲಿ ಮೊದಲ ಪಾಲು ಮಾತ್ರ ಬಂತು. ದಾವೆಗೆ ತಡೆ ಬಂತು, ಹೊಣೆ ಬರಲಿಲ್ಲ. ಆ ಕಾಯ್ದೆಯನ್ನು ಬದಿಗೆ ಸರಿಸಿ 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮವೂ ಆ ಲೋಪವನ್ನು ತುಂಬಲಿಲ್ಲ. ಅಂತರರಾಷ್ಟ್ರೀಯವಾಗಿ ಇದೇ ತತ್ವವನ್ನು ಹೇಳುವ 1952ರ ರೋಮ್ ಒಪ್ಪಂದಕ್ಕೂ ಭಾರತ ಸೇರಿಲ್ಲ.

ಲೋಪದ ಆಳ ಗೊತ್ತಾಗಬೇಕಾದರೆ ಟಿಕೆಟ್ ಇದ್ದವನನ್ನೂ ಇಲ್ಲದವನನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಬೇಕು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಂದರಕ್ಕೆ ಉರುಳಿ 158 ಮಂದಿ ಸತ್ತರು. ಬದುಕಿದವರು ಎಂಟೇ ಜನ. ಭಾರತ ಅದರ ಹಿಂದಿನ ವರ್ಷವಷ್ಟೇ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿ, 1972ರ ವಾಯು ಸಾಗಣೆ ಕಾಯ್ದೆಯನ್ನು ತಿದ್ದಿತ್ತು. ಆ ಒಪ್ಪಂದದ ಪ್ರಕಾರ ಒಂದು ಮಿತಿಯವರೆಗೆ ವಿಮಾನ ಸಂಸ್ಥೆ ತನ್ನ ತಪ್ಪಿಲ್ಲ ಎಂದು ಜಾರಿಕೊಳ್ಳುವಂತಿಲ್ಲ. ಮಿತಿ ದಾಟಿದ ಮೊತ್ತಕ್ಕೂ ತಪ್ಪಿಲ್ಲವೆಂದು ತೋರಿಸಬೇಕಾದದ್ದು ಸಂಸ್ಥೆಯೇ. ಮಂಗಳೂರಿನ ಕುಟುಂಬಗಳು ಸುಖವಾಗಿ ಹಣ ಪಡೆದವು ಎಂದಲ್ಲ. ಮಿತಿಯ ಪೂರ್ತಿ ಮೊತ್ತವೇ ಕನಿಷ್ಠ ಪರಿಹಾರವೇ, ಅಥವಾ ನಷ್ಟವನ್ನು ಲೆಕ್ಕಹಾಕಿ ತೋರಿಸಬೇಕೇ ಎಂದು ಕೇರಳ ಹೈಕೋರ್ಟಿನಲ್ಲಿ 2011ರಲ್ಲಿ ಏಕಸದಸ್ಯ ಪೀಠ ಒಂದು ಹೇಳಿದರೆ ವಿಭಾಗೀಯ ಪೀಠ ಇನ್ನೊಂದು ಹೇಳಿತು. ಮೃತರೊಬ್ಬರ ಕುಟುಂಬಕ್ಕೆ ಎಷ್ಟು ಎಂಬುದನ್ನು ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು 2020ರಲ್ಲಿ. ಆದರೂ ಜಗಳ ನಡೆದದ್ದು ಎಷ್ಟು ಎಂಬುದರ ಮೇಲೆ. ಪೈಲಟ್ ತಪ್ಪು ಮಾಡಿದ್ದನೆಂದು ವಿಧವೆಯೊಬ್ಬಳು ಸಾಬೀತು ಮಾಡಬೇಕಾದ ಗತಿ ಬರಲಿಲ್ಲ. ಇನ್ನು 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದ ವಿಮಾನದ ಒಳಗಿದ್ದ 241 ಮಂದಿಯ ಜೊತೆ ನೆಲದ ಮೇಲಿದ್ದ 19 ಮಂದಿಯೂ ಸತ್ತರು. ಒಳಗಿದ್ದ ಪ್ರಯಾಣಿಕರ ಬೆನ್ನಿಗೆ ಒಪ್ಪಂದವಿದೆ. ಕೆಳಗಿದ್ದವರು ಆ ಒಪ್ಪಂದದ ಮಟ್ಟಿಗೆ ಲೆಕ್ಕಕ್ಕೇ ಇಲ್ಲ. ವಿಮಾನ ಸಂಸ್ಥೆ ತಾನಾಗಿ ಕೊಡಬಹುದು, ವಿಮೆ ಕಂಪನಿ ರಾಜಿ ಮಾಡಿಕೊಳ್ಳಬಹುದು. ಹಕ್ಕಿನ ಮಾತು ಬೇರೆ.

ಡ್ರೋನ್ ವಿಷಯದಲ್ಲಿ ಸರ್ಕಾರ ಈ ಹಳ್ಳವನ್ನು ತುಂಬಲು ಯತ್ನಿಸಿಯೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. 2021ರ ಆಗಸ್ಟ್ 25ರಂದು ಹೊರಬಿದ್ದ ಡ್ರೋನ್ ನಿಯಮಗಳ 44ನೇ ನಿಯಮ ಒಂದೇ ಏಟಿಗೆ ಸಮಸ್ಯೆ ಬಗೆಹರಿಸಲು ಹೊರಟಿತು: 250 ಗ್ರಾಂ ಒಳಗಿನ ನ್ಯಾನೋ ಡ್ರೋನ್ ಬಿಟ್ಟು ಉಳಿದವಕ್ಕೆ ಥರ್ಡ್ ಪಾರ್ಟಿ ವಿಮೆ ಬೇಕು, ವಿಮೆಗೂ ಪ್ರಾಣ-ಆಸ್ತಿ ನಷ್ಟದ ಪರಿಹಾರಕ್ಕೂ 1988ರ ಮೋಟಾರು ವಾಹನ ಕಾಯ್ದೆಯನ್ನೇ ತಕ್ಕ ಬದಲಾವಣೆಗಳೊಂದಿಗೆ ಅನ್ವಯಿಸಿಕೊಳ್ಳಿ. ಜಾಣತನ ಇದರಲ್ಲಿದೆ. ಪ್ರತಿ ಜಿಲ್ಲೆಯಲ್ಲೂ ಆಗಲೇ ಮೋಟಾರು ಅಪಘಾತ ನ್ಯಾಯಮಂಡಳಿ ಇದೆ, ವಕೀಲರಿಗೆ ದಾರಿ ಗೊತ್ತು. ಡ್ರೋನ್ ಕೆಟ್ಟು ಯಾರದೋ ತಲೆಯ ಮೇಲೆ ಬಿದ್ದರೆ ಈ ಅಂಗಿ ಸರಿಯಾಗಿ ಹೊಂದುತ್ತದೆ. ಆದರೆ ಮೋಟಾರು ಕಾಯ್ದೆಯನ್ನು ಹೊಲಿದದ್ದು ಮನುಷ್ಯನ ಮೈಗೆ, ಬೆಳೆಗಲ್ಲ. ತಪ್ಪು ಕೇಳದೆ ಹಣ ಕೊಡಿಸುವ ಅದರ 164ನೇ ಕಲಮು ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಹೇಳುತ್ತದೆ. ಆಸ್ತಿಯ ಹೆಸರೇ ಅಲ್ಲಿಲ್ಲ. 1988ರ ಮೂಲ ಪಠ್ಯದಲ್ಲಂತೂ ಆಸ್ತಿ ನಷ್ಟಕ್ಕೆ ವಿಮೆ ಕಂಪನಿಯ ಹೊಣೆ ಆರು ಸಾವಿರ ರೂಪಾಯಿಗೆ ನಿಂತಿತ್ತು. ಬಸ್ಸು ಗುದ್ದಿ ಮುರಿದ ಕಾಂಪೌಂಡ್ ಗೋಡೆಯನ್ನು ಮನಸ್ಸಿನಲ್ಲಿಟ್ಟು ಬರೆದ ಅಂಕಿ ಅದು. ಇದಕ್ಕಿಂತ ದೊಡ್ಡ ತೊಡಕು 'ಅಪಘಾತ' ಎಂಬ ಮಾತಿನಲ್ಲಿದೆ. ಔಷಧಿ ಪಕ್ಕಕ್ಕೆ ತೇಲಿದಾಗ ಡ್ರೋನ್ ಯಾವುದಕ್ಕೂ ಡಿಕ್ಕಿ ಹೊಡೆದಿರುವುದಿಲ್ಲ, ಬಿದ್ದಿರುವುದೂ ಇಲ್ಲ. ಹೇಳಿದ ಕೆಲಸವನ್ನೇ ಮಾಡಿ ಸುರಕ್ಷಿತವಾಗಿ ಇಳಿದಿರುತ್ತದೆ.

ನ್ಯಾಯಾಲಯಗಳು ಈ ಮಾತನ್ನು ಹಿಗ್ಗಿಸಬಲ್ಲವು ಎಂದು ವಕೀಲರು ಹೇಳಬಹುದು. ಅವರ ಕೈಯಲ್ಲಿ ಒಳ್ಳೆಯ ಆಧಾರವೂ ಇದೆ. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಅಂದರೆ ಮುಂದೆ ದಾವಣಗೆರೆ, ಹರಿಹರಗಳನ್ನು ಹಾದುಹೋಗುವ ಅದೇ ರಸ್ತೆಯಲ್ಲಿ, ಒಂದು ಪೆಟ್ರೋಲ್ ಟ್ಯಾಂಕರ್ ರಾತ್ರಿ ಲಾರಿಗೆ ಡಿಕ್ಕಿ ಹೊಡೆದು ಮಗುಚಿತು. ಕೆಲವು ಗಂಟೆಗಳ ನಂತರ, ಸೋರುತ್ತಿದ್ದ ಪೆಟ್ರೋಲಿನ ಸುತ್ತ ಜನ ಸೇರಿದ್ದಾಗ ಅದು ಸಿಡಿದು ಸಾವುಗಳಾದವು. ಮಲಗಿದ್ದ ಟ್ಯಾಂಕರ್ 'ಬಳಕೆ'ಯಲ್ಲಿತ್ತೇ? ಇತ್ತು ಎಂದಿತು ಸುಪ್ರೀಂ ಕೋರ್ಟ್. ಅದೇ ತರ್ಕದಲ್ಲಿ ಡ್ರೋನಿನಿಂದ ಹೊರಟ ಮಂಜುಹನಿಯೂ ಡ್ರೋನಿನ ಬಳಕೆಯ ಫಲ ಎನ್ನಬಹುದು. ಒಪ್ಪಿದೆ. ಆದರೆ ಆ ತೀರ್ಪು ಬಂದದ್ದು 1991ರಲ್ಲಿ. ಸಾವಿನ ಪ್ರಕರಣದಲ್ಲಿ, ತಪ್ಪು ಕೇಳದೆ ಕೊಡುವ ಹದಿನೈದು ಸಾವಿರ ರೂಪಾಯಿಯ ಮಧ್ಯಂತರ ಪರಿಹಾರಕ್ಕಾಗಿ ನಾಲ್ಕು ವರ್ಷ. ಎರಡು ಎಕರೆ ಟೊಮೆಟೊ ಕಳೆದುಕೊಂಡವನಿಗೆ ಮುಂದಿನ ನಾಟಿಯ ಹೊತ್ತಿಗಾದರೂ ಹಣ ಬರಬೇಕು.

ಇನ್ನು ಪಾಲಿಸಿಯ ಸಣ್ಣ ಅಕ್ಷರಗಳು. ಲಂಡನ್ ಮಾರುಕಟ್ಟೆಯಿಂದ ಜಗತ್ತಿನ ವಿಮಾನ ವಿಮೆಗೆಲ್ಲ ಹರಡಿದ ಎವಿಎನ್ 46ಬಿ ಎಂಬ ಷರತ್ತು ಶಬ್ದ, ಮಾಲಿನ್ಯ, ಕಲಬೆರಕೆ ಮುಂತಾದ ನಷ್ಟಗಳನ್ನು ಪಾಲಿಸಿಯಿಂದ ಹೊರಗಿಡುತ್ತದೆ. ವಿಮಾನ ಬಿದ್ದು, ಗುದ್ದಿ, ಉರಿದು, ಸಿಡಿದು ಆದ ಮಾಲಿನ್ಯವಾದರೆ ಮಾತ್ರ ವಿನಾಯಿತಿ. ಬೋಯಿಂಗ್‌ಗೆ ಇದು ಸರಿ. ಸಿಂಪಡಣೆಯೇ ಕಸುಬಾದ ಯಂತ್ರಕ್ಕೆ ಇಂಥ ಷರತ್ತು ಬಿದ್ದರೆ ವಿಮೆಯೆಂಬುದು ತೂತು ಬಿದ್ದ ಛತ್ರಿ. ಅದಕ್ಕೇ ಪಶ್ಚಿಮದ ದೇಶಗಳಲ್ಲಿ ಔಷಧಿ ಹೊಡೆಯುವ ವಿಮಾನದವರು ರಾಸಾಯನಿಕ ತೇಲಿಕೆಗೆಂದೇ ಬೇರೆ ರಕ್ಷಣೆ ಕೊಳ್ಳುತ್ತಾರೆ. ನಮ್ಮಲ್ಲಿ ಪಾಲಿಸಿ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ. ಡ್ರೋನ್ ಮುರಿದರೆ ಎಷ್ಟು ಕೊಡುತ್ತೀರಿ ಎಂಬುದು ಎರಡನೆಯದು.

ಬೆನ್ನಿನ ಪಂಪಿನಿಂದಲೂ ಔಷಧಿ ತೇಲುತ್ತದೆ, ಡ್ರೋನಿಗೇ ಯಾಕೆ ಬೇರೆ ನ್ಯಾಯ ಎಂಬುದು ಊರಿನ ಆಕ್ಷೇಪ. ಅದರಲ್ಲಿ ಹುರುಳಿದೆ. ಪಂಪು ಹೊತ್ತವರ ಸಂಕಟವೂ ಸಣ್ಣದಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದ ಕೂಲಿಗಳು ವಿಷವೇರಿ ಸತ್ತದ್ದನ್ನು ನೆನೆದರೆ ಡ್ರೋನ್ ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೆ ಯಂತ್ರದ ಸ್ವಭಾವ ಬೇರೆ. ಪಂಪಿನಲ್ಲಿ ಎಕರೆಗೆ ಇನ್ನೂರು ಲೀಟರಿನಷ್ಟು ನೀರಿನಲ್ಲಿ ಬೆರೆಯುತ್ತಿದ್ದ ಔಷಧಿ ಡ್ರೋನಿನಲ್ಲಿ ಹತ್ತು ಲೀಟರಿನಲ್ಲೇ ಬೆರೆಯುತ್ತದೆ; ಹನಿ ಗಟ್ಟಿ, ಗಾತ್ರ ಚಿಕ್ಕದು, ಬೀಳುವುದು ಮೇಲಿನಿಂದ. ಅದಲ್ಲದೆ ಪಂಪಿನವನ ಮೇಲೆ ಎಂದಿನಂತೆ ದಾವೆ ಹೂಡಬಹುದು, ವಿಮಾನದವನಿಗೆ ಮಾತ್ರ ಹಾರಾಟದ ನೆಪದ ದಾವೆಯಿಂದ ರಕ್ಷಣೆ ಇದೆ. ವಿಶೇಷ ರಕ್ಷಣೆ ಪಡೆದವನಿಗೆ ವಿಶೇಷ ಹೊಣೆ ಹೊರಿಸುವುದು ತಾರತಮ್ಯವಲ್ಲ, 1920ರ ಆ ಹಳೆಯ ಲೆಕ್ಕವನ್ನು ಚುಕ್ತಾ ಮಾಡಿದಂತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ 1977ರಲ್ಲಿ, ಹೆಲಿಕಾಪ್ಟರಿನಿಂದ ಹೊಡೆದ ಕೀಟನಾಶಕ ಪಕ್ಕದ ಸಾವಯವ ಹೊಲಕ್ಕೆ ತೇಲಿದ ಪ್ರಕರಣದಲ್ಲಿ, ನಿರ್ಲಕ್ಷ್ಯ ಇತ್ತೋ ಇಲ್ಲವೋ ಹೊಡೆದವರೇ ಹೊಣೆ ಎಂದಿತು. ಲಾಭ ಒಬ್ಬನಿಗೆ, ವಿಷ ಇನ್ನೊಬ್ಬನಿಗೆ ಆಗಬಾರದೆಂಬುದು ಅದರ ಹಿಂದಿನ ಸಾಮಾನ್ಯ ಜ್ಞಾನ.

ಸಾಬೀತಿನ ಭಾರ ನೆಲದವನ ಮೇಲೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಿಲ್ಲ. ಕಾಸರಗೋಡಿನ ಪಡ್ರೆ, ಸ್ವರ್ಗ, ಎಣ್ಮಕಜೆ ಸುತ್ತ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅದರ ಕೇಡನ್ನು ಮೊದಮೊದಲೇ ಬರೆದವರು ಅದೇ ಊರಿನ ಕೃಷಿ ಪತ್ರಕರ್ತ ಶ್ರೀ ಪಡ್ರೆ. ಆದರೆ ಕಾರಣ-ಪರಿಣಾಮದ ವಾದ ದಶಕಗಟ್ಟಲೆ ಎಳೆಯಿತು. 1971ರ ಕೀಟನಾಶಕ ನಿಯಮಗಳ 43ನೇ ನಿಯಮ ವೈಮಾನಿಕ ಸಿಂಪಡಣೆಗೆ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು, ಜನ-ದನಗಳನ್ನು ದೂರವಿಡಬೇಕು ಎನ್ನುತ್ತದೆ; ಮುರಿದರೆ ನೆರೆಯವನಿಗೆ ಯಾರು ಎಷ್ಟು ಕೊಡಬೇಕೆಂದು ಹೇಳುವುದಿಲ್ಲ. ಕೊನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬಾಧಿತರಿಗೆ ತಲಾ ಐದು ಲಕ್ಷ ಕೊಡಲು ಆದೇಶಿಸಿದ್ದು ಕೇರಳ ಸರ್ಕಾರಕ್ಕೆ. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಹತ್ತು ಲೀಟರಿನ ಡ್ರೋನನ್ನು ಆ ದುರಂತಕ್ಕೆ ಹೋಲಿಸುವುದು ಅತಿರೇಕವಾದೀತು. ಹೋಲುವುದು ದುರಂತವಲ್ಲ, ನೆಲದವನು ಕೋರ್ಟಿನ ಮುಂದೆ ನಿಂತ ಸ್ಥಿತಿ.

ಉಳಿದದ್ದು ಗಂಭೀರವಾದ ಆಕ್ಷೇಪ: ಇಷ್ಟೆಲ್ಲ ಹೊಣೆ ಹೊರಿಸಿದರೆ ಡ್ರೋನ್ ಹಿಡಿದ ಹೆಣ್ಣುಮಕ್ಕಳ ಸಂಘಗಳು ಮುಳುಗುತ್ತವೆ. ನಮೋ ಡ್ರೋನ್ ದೀದಿ ಯೋಜನೆ 15,000 ಸಂಘಗಳಿಗೆ ಬೆಲೆಯ ಶೇ 80ರಷ್ಟು, ಗರಿಷ್ಠ ಎಂಟು ಲಕ್ಷ ಸಹಾಯಧನ ಕೊಡುತ್ತದೆ. ಮೊದಲ ವರ್ಷದ ವಿಮೆಯೂ ಅದರಲ್ಲೇ ಸೇರಿದೆ. ಎರಡನೇ ವರ್ಷದ ಕಂತು ಸಂಘದ ಜೇಬಿನಿಂದ. ಹಾಗಾಗಿಯೇ ಮಿತಿ ಬೇಕು ಎನ್ನುತ್ತೇನೆ. ಮಾಂಟ್ರಿಯಲ್ ಮಾದರಿಯಲ್ಲಿ, ಒಂದು ಗೊತ್ತಾದ ಮೊತ್ತದವರೆಗೆ ತಪ್ಪು ಕೇಳದೆ ಕೊಡುವ ಹೊಣೆ, ಆ ಮೊತ್ತಕ್ಕೆ ತಕ್ಕ, ತೇಲಿಕೆಯನ್ನು ಹೆಸರಿಸಿಯೇ ಒಳಗೊಳ್ಳುವ ವಿಮೆ. ಮೀರಿದ್ದಕ್ಕೆ ತಾವು ನಿಯಮ ಪಾಲಿಸಿದ್ದೇವೆಂದು ತೋರಿಸಿದರೆ ಬಿಡುಗಡೆ. ಮಿತಿಯಿಲ್ಲದ, ಯಾವಾಗ ಬಂದೆರಗುತ್ತದೋ ತಿಳಿಯದ ದಾವೆಗಿಂತ ವರ್ಷಕ್ಕೊಮ್ಮೆ ಕಟ್ಟುವ ಕಂತು ಬಡ ಸಂಘಕ್ಕೆ ಹಗುರ. ಸುಳ್ಳು ಕ್ಲೇಮುಗಳು ಬಾರವೇ? ಬರುತ್ತವೆ, ಮೋಟಾರು ವಿಮೆಯಲ್ಲೂ ಬರುತ್ತವೆ. ಕೇಂದ್ರ 2025ರ ಸೆಪ್ಟೆಂಬರಿನಲ್ಲಿ ನಾಗರಿಕ ಡ್ರೋನ್ ಮಸೂದೆಯ ಕರಡನ್ನು ಜನರ ಅಭಿಪ್ರಾಯಕ್ಕೆ ಬಿಟ್ಟಿತ್ತು. ತಪ್ಪು ಕೇಳದ ಪರಿಹಾರದ ಮಾತು ಅದರಲ್ಲಿ ಬಂದದ್ದು ಸಾವು ಮತ್ತು ಗಾಯಕ್ಕೆ. ಬೆಳೆ, ಮೀನು, ಜೇನು, ರೇಷ್ಮೆಹುಳುಗಳನ್ನು ಸೇರಿಸಬೇಕಾದ ಜಾಗವೂ ಅದೇ.

ಸುಳ್ಳು-ನಿಜ ಬೇರ್ಪಡಿಸುವುದು ಪಂಪಿನ ಕಾಲಕ್ಕಿಂತ ಈಗ ಸುಲಭ ಎಂಬುದನ್ನೂ ಹೇಳಬೇಕು. ಪಂಪು ಹೊತ್ತವನು ಯಾವ ಬದುವಿನಲ್ಲಿ ಎಷ್ಟು ಹೊತ್ತಿಗೆ ಇದ್ದ ಎಂಬುದಕ್ಕೆ ಸಾಕ್ಷಿ ಪಕ್ಕದ ಗದ್ದೆಯವನ ಬಾಯಿಮಾತು ಮಾತ್ರ. ಡ್ರೋನ್ ತಾನು ಹಾರಿದ ಪ್ರತಿ ಸಾಲು, ಎತ್ತರ, ವೇಗ, ಸಮಯವನ್ನು ಬರೆದಿಟ್ಟುಕೊಳ್ಳುತ್ತದೆ. ಆ ಹೊತ್ತಿನ ಗಾಳಿಯ ದಿಕ್ಕನ್ನೂ ಮುರುಟಿದ ಎಲೆಯ ಲ್ಯಾಬ್ ವರದಿಯನ್ನೂ ಅದರ ಪಕ್ಕದಲ್ಲಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಸದ್ಯಕ್ಕೆ ಆ ದಾಖಲೆ ಇರುವುದು ಹಾರಿಸಿದವರ ಕೈಯಲ್ಲಿ. ಅದನ್ನು ಕೇಳಿ ಪಡೆಯುವ ಹಕ್ಕು ಬದುವಿನಾಚೆಯವನಿಗೆ ಇದೆಯೆಂದು ಡ್ರೋನ್ ನಿಯಮಗಳಲ್ಲಿ ಎಲ್ಲೂ ಬರೆದಿಲ್ಲ.