ಎಲ್ಲರೂ ಕೈಬಿಟ್ಟಾಗ ಯಾರಿದ್ದಾರೆ?

ಕಷ್ಟ ಬಂದಾಗ ನಮ್ಮವರೇ ಸುಮ್ಮನಾದರೆ,
ಯಾರನ್ನು ಕರೀತೀರಿ?

ಉತ್ತರಕ್ಕೆ ನಮ್ಮ ಬಿಂಕದಕಟ್ಟಿ ಊರಿನಿಂದ ಗದಗಕ್ಕೆ ಬನ್ನಿ.
ಇದು ವೀರನಾರಾಯಣ ಗುಡಿ.
15ನೇ ಶತಮಾನದ ಕವಿ ಕುಮಾರವ್ಯಾಸ
ಭಾರತ ಕಾವ್ಯ ಬರೆದದ್ದು ಇಲ್ಲೇ ಅಂತಾರೆ ಹಿರಿಯರು.

ಆ ಕಾವ್ಯದ ದ್ರೌಪದಿಯನ್ನು ನೆನೆಯಿರಿ.
ತುಂಬಿದ ಸಭೆಯಲ್ಲಿ ಅವಳ ಸೀರೆ ಸೆಳೆದರು.
ಐವರು ಗಂಡಂದಿರಿದ್ದೂ ಕಾಯಲಾಗಲಿಲ್ಲ.
ಭೀಷ್ಮ, ದ್ರೋಣರೂ ಅಡ್ಡ ಬರಲಿಲ್ಲ.
ಆಗ ಅವಳು ಕರೆದದ್ದು ಕೃಷ್ಣನನ್ನು.
ಅವನಿದ್ದದ್ದು ದೂರದ ದ್ವಾರಕೆಯಲ್ಲಿ.
ಆದರೂ ಸೆಳೆದಷ್ಟೂ ಸೀರೆ ಬೆಳೆಯಿತು.

ನಮ್ಮ ಎರೆಹೊಲ ನೋಡಿ.
ಮಳೆ ನಿಂತು ಹೋಗಿರುತ್ತೆ.
ಆದರೂ ಹಿಂಗಾರಿ ಕಡಲೆ
ಮಣ್ಣೊಳಗಿನ ಹಸಿಯಲ್ಲೇ ಬೆಳೆಯುತ್ತೆ.
ದೇವರ ಆಸರೆಯೂ ಹಾಗೇ.
ಕಣ್ಣಿಗೆ ಕಾಣಲ್ಲ, ಬೇರಿಗೆ ಸಿಗುತ್ತೆ.

ಜನ ಬಿಟ್ಟರು ಅಂತ
ದೇವರೂ ಬಿಟ್ಟ ಅಂದುಕೊಳ್ಳಬೇಡಿ.
ಬಾಯಿ ತುಂಬ ಅವನನ್ನು ಕರೆಯಿರಿ.
ನಿಮ್ಮ ಓಣಿಯಲ್ಲಿ ಯಾರಾದರೂ ಒಂಟಿಯಾಗಿದ್ದರೆ,
ಇವತ್ತೇ ಅವರ ಮನೆಗೆ ಹೋಗಿ ಮಾತಾಡಿಸಿ.